ಸವೆದ ಕೆತ್ತನೆಯನ್ನು ಮತ್ತೆ ಕೊರೆಸಬೇಕೆ? 1883ರ ಒಂದು ಸ್ಮಿತ್ ಅಂಡ್ ವೆಸನ್ ರಿವಾಲ್ವರ್ ಕುರಿತು

ಕನೆಕ್ಟಿಕಟ್ ನಿವಾಸಿ

ಎಲ್ಲರಿಗೂ ನಮಸ್ಕಾರ. ಹಾರ್ಟ್‌ಫರ್ಡ್ ಹತ್ತಿರ ಹದಿನೈದು ವರ್ಷಗಳಿಂದ ವಾಸವಾಗಿದ್ದೇನೆ. ಇಲ್ಲಿನ ಕನೆಕ್ಟಿಕಟ್ ಇತಿಹಾಸ ಸಂಗ್ರಹಾಲಯದಲ್ಲಿ ಕೋಲ್ಟ್ ಕಾರ್ಖಾನೆಯಿಂದ ಬಂದ ರಿವಾಲ್ವರುಗಳ ದೊಡ್ಡ ಸಂಗ್ರಹವಿದೆ. ರಜೆಯ ದಿನಗಳಲ್ಲಿ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದಾಗ ಆಯುಧಕ್ಕಿಂತ ಅದರ ಮೈಮೇಲೆ ಕಂಡರಿಸಿದ ಬಳ್ಳಿಗಳೇ ನನ್ನನ್ನು ಹಿಡಿದು ನಿಲ್ಲಿಸಿದವು. ಅಲ್ಲಿಂದ ಶುರುವಾದ ಆಸಕ್ತಿ ಈಗ ಕೊಳ್ಳುವವರೆಗೆ ಬಂದಿದೆ.

ಕಳೆದ ತಿಂಗಳು ಒಂದು ಹಳೆಯ ಮನೆಯ ಸಾಮಾನುಗಳ ಮಾರಾಟದಲ್ಲಿ ಸ್ಮಿತ್ ಅಂಡ್ ವೆಸನ್ ಕಂಪನಿಯ ನ್ಯೂ ಮಾಡೆಲ್ ನಂಬರ್ 3 ಒಂದು ಸಿಕ್ಕಿತು. ಆರು ಗುಂಡುಗಳ, .44 ರಷ್ಯನ್ ತೋಟಾದ, ನಳಿಗೆಯನ್ನು ಕೆಳಕ್ಕೆ ಮಡಚಿ ತೆರೆಯುವ ರಿವಾಲ್ವರ್ ಇದು. ಹಿಡಿಗೆ ಮುತ್ತಿನ ಚಿಪ್ಪಿನ ಹಲ್ಲೆಗಳಿವೆ. ಕಂಪನಿಯ ದಾಖಲೆಗಳಿಂದ ಪ್ರಮಾಣಪತ್ರ ತರಿಸಿದೆ. 1883ರಲ್ಲಿ ನ್ಯೂಯಾರ್ಕಿನ ವ್ಯಾಪಾರಿಯೊಬ್ಬರಿಗೆ "ಕೆತ್ತನೆ, ನಿಕ್ಕಲ್, ಮುತ್ತಿನ ಹಿಡಿ" ಎಂದು ನಮೂದಾಗಿ ಹೋಗಿದೆ. ಕೆತ್ತಿದವರ ಹೆಸರು ಅದರಲ್ಲಿಲ್ಲ.

ನಿಕ್ಕಲ್ ಲೇಪ ಅರ್ಧದಷ್ಟು ಎದ್ದುಹೋಗಿದೆ. ಎಡಬದಿಯ ಕೆತ್ತನೆ ಸ್ಫುಟವಾಗಿದೆ, ಬಲಬದಿಯದು ಮಾತ್ರ ಬೆರಳಿಗೆ ಹತ್ತದಷ್ಟು ಸವೆದಿದೆ. ಇಲ್ಲಿಯ ಕುಶಲಕರ್ಮಿಯೊಬ್ಬರು ಹಳೆಯ ಗೆರೆಗಳನ್ನೇ ಹಿಡಿದು ಮತ್ತೆ ಕೊರೆದು, ಹೊಸದಾಗಿ ನಿಕ್ಕಲ್ ಹಾಕಿ ಕೊಡುತ್ತೇನೆಂದು ಹೇಳುತ್ತಿದ್ದಾರೆ. ಕೊಡಲೇ ಬೇಡವೇ? ಕೆತ್ತಿದವರು ಯಾರೆಂದು ತಿಳಿಯುವ ದಾರಿಯೇನಾದರೂ ಇದೆಯೇ? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಹಳೆಯ ಸಂಗ್ರಾಹಕ, ಮ್ಯಾಸಚೂಸೆಟ್ಸ್

ದಯವಿಟ್ಟು ಕೊಡಬೇಡಿ. ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಇರುವುದೇ ಆ ಸವೆದ ಗೆರೆಗಳಲ್ಲಿ. ಮತ್ತೆ ಕೊರೆಸಿದ ದಿನವೇ ಆ ಉತ್ತರ ಅಳಿಸಿಹೋಗುತ್ತದೆ.

ಸವೆದ ಗೆರೆಯೊಳಗೆ ಮತ್ತೊಮ್ಮೆ ಉಳಿ ಹಾಯಿಸಿದರೆ ಗೆರೆ ಆಳವಾಗುವುದಷ್ಟೇ ಅಲ್ಲ, ಅಗಲವೂ ಆಗುತ್ತದೆ. ಮೊದಲ ಕೆತ್ತನೆಗಾರನು ಎಲ್ಲಿ ಒತ್ತಿದ, ಎಲ್ಲಿ ಕೈ ಹಗುರ ಮಾಡಿದ, ಎಲೆಯ ತುದಿಯಲ್ಲಿ ಗೆರೆಯನ್ನು ಕೂದಲೆಳೆಯಷ್ಟು ತೆಳುವಾಗಿಸಿ ಹೇಗೆ ಎತ್ತಿಕೊಂಡ ಎಂಬ ಕುರುಹುಗಳೆಲ್ಲ ಅಳಿದು, ಈಗಿನ ಕೈಯ ಒಂದೇ ಒತ್ತಡದ ಗೆರೆ ಉಳಿಯುತ್ತದೆ. ಹೊಸ ನಿಕ್ಕಲ್ ಹಿಡಿಯಬೇಕಾದರೆ ಮೊದಲು ಚಕ್ರಕ್ಕೆ ಕೊಟ್ಟು ಉಜ್ಜಬೇಕು. ಆಗ ಫ್ರೇಮಿನ ಅಂಚುಗಳು ಉರುಟಾಗುತ್ತವೆ, ಒತ್ತಿದ ಅಕ್ಷರಗಳು ಮಸುಕಾಗುತ್ತವೆ, ಎಡಬದಿಯಲ್ಲಿ ಚೆನ್ನಾಗಿ ಉಳಿದಿರುವುದೂ ಹಾಳಾಗುತ್ತದೆ.

ಇನ್ನು ಕೆತ್ತಿದವರ ವಿಷಯ. ಗುಸ್ತಾವ್ ಯಂಗ್ 1827ರಲ್ಲಿ ಪ್ರಷ್ಯಾದಲ್ಲಿ ಹುಟ್ಟಿ, 1846ರಲ್ಲಿ ಅಮೆರಿಕಕ್ಕೆ ಬಂದವರು. ಮೂಲ ಹೆಸರು ಯುಂಗ್. ಇಲ್ಲಿಗೆ ಬಂದ ಮೇಲೆ ಯಂಗ್ ಆಯಿತು. 1850ರ ದಶಕದ ಆರಂಭದಿಂದ ಹಾರ್ಟ್‌ಫರ್ಡಿನಲ್ಲಿ ಸ್ಯಾಮ್ಯುಯೆಲ್ ಕೋಲ್ಟ್ ಅವರ ಕಾರ್ಖಾನೆಗೆ ಕೆತ್ತನೆ ಮಾಡಿಕೊಡುತ್ತಿದ್ದರು. 1869ರಲ್ಲಿ ನಮ್ಮ ಮ್ಯಾಸಚೂಸೆಟ್ಸಿನ ಸ್ಪ್ರಿಂಗ್‌ಫೀಲ್ಡಿಗೆ ಬಂದು ಸ್ಮಿತ್ ಅಂಡ್ ವೆಸನ್ ಕೆಲಸ ಹಿಡಿದರು, 1895ರಲ್ಲಿ ತೀರಿಕೊಳ್ಳುವವರೆಗೂ ಇಲ್ಲಿಯೇ ಇದ್ದರು. ಮಕ್ಕಳಾದ ಆಸ್ಕರ್ ಮತ್ತು ಯೂಜೀನ್ ತಂದೆಯ ಪಕ್ಕದಲ್ಲೇ ಕುಳಿತು ಕಲಿತು, ಅವರ ನಂತರ ಕೆಲಸವನ್ನು ಮುಂದುವರಿಸಿದರು. 1883ರಲ್ಲಿ ಕೆತ್ತನೆಯಾಗಿಯೇ ಕಾರ್ಖಾನೆಯಿಂದ ಹೊರಟ ರಿವಾಲ್ವರ್ ಎಂದರೆ ಅದು ಯಂಗ್ ಮನೆತನದ ಕಾರ್ಯಾಗಾರದ್ದಾಗಿರುವ ಸಂಭವ ಬಹಳ ಹೆಚ್ಚು. ತಂದೆಯ ಕೈಯೋ ಮಗನ ಕೈಯೋ ಎಂದು ಬೇರ್ಪಡಿಸುವುದು ಕಷ್ಟದ ಕೆಲಸ.

ಮನೆಯಲ್ಲಿ ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ ಇದ್ದರೆ, ದೀಪವನ್ನು ಪಕ್ಕದಿಂದ ಓರೆಯಾಗಿ ಬೀಳುವಂತೆ ಇಟ್ಟು ನೋಡಿ. ಬಳ್ಳಿಯ ಸುರುಳಿಗಳು ಬಿಗಿಯಾಗಿವೆಯೇ? ಸುರುಳಿಯೊಳಗಿನ ಎಲೆಗೆ ನೆರಳು ಕೊಡುವ ಸಣ್ಣ ಗೆರೆಗಳು ಒಂದಕ್ಕೊಂದು ತಾಗದೆ ಬೀಸಣಿಗೆಯ ಹಾಗೆ ಹರಡಿವೆಯೇ? ಬಳ್ಳಿಗಳ ನಡುವಿನ ಜಾಗವನ್ನು ಮೊನೆಯುಳಿಯಿಂದ ಸಣ್ಣ ಸಣ್ಣ ಚುಕ್ಕೆಗಳನ್ನು ಹೊಡೆದು ತುಂಬಿದ್ದಾರೆಯೇ? ಇವೆಲ್ಲ ಯಂಗ್ ಕೆಲಸದ ಲಕ್ಷಣಗಳು. ಜೊತೆಗೆ ಇನ್ನೆರಡು ಅಂಶಗಳನ್ನೂ ಗಮನಿಸಿ. ಆ ಕಾಲದ ಸ್ಮಿತ್ ಅಂಡ್ ವೆಸನ್ ರಿವಾಲ್ವರುಗಳಲ್ಲಿ ಮೈಯೆಲ್ಲ ನಿಕ್ಕಲ್ ಇದ್ದರೂ ಕುದುರೆಯ (ಬೆರಳಿನಿಂದ ಎಳೆಯುವ ಟ್ರಿಗರಿನ) ಸುತ್ತಲಿನ ಕಾವಲು ಬಳೆಯನ್ನು ಸಾಮಾನ್ಯವಾಗಿ ನೀಲಿಯಾಗಿಯೇ ಬಿಡುತ್ತಿದ್ದರು. ಅದೂ ನಿಕ್ಕಲ್ ಆಗಿದ್ದರೆ ಲೇಪ ಮೂಲದ್ದಲ್ಲ ಎಂಬ ಅನುಮಾನ ಬರಬೇಕು. ಹಿಡಿಯ ಬುಡದಲ್ಲಿ ಕ್ರಮಾಂಕದ ಹತ್ತಿರ ನಕ್ಷತ್ರದ ಗುರುತು ಇದ್ದರೆ ರಿವಾಲ್ವರ್ ಎಂದೋ ರಿಪೇರಿಗಾಗಿ ಕಾರ್ಖಾನೆಗೆ ಮರಳಿತ್ತು ಎಂದರ್ಥ.

ಬೀದರಿನ ಬಿದ್ರಿ ಮನೆತನದವರು

ಬಂದೂಕಿನ ವಿಷಯದಲ್ಲಿ ನನಗೆ ಅನುಭವವಿಲ್ಲ. ಆದರೆ ಲೋಹದ ಮೇಲೆ ಉಳಿ ಓಡಿಸುವ ಮನೆಯಲ್ಲಿ ಬೆಳೆದವನು. ಹಿರಿಯರು ಗೆರೆ ಸವೆಯುವುದರ ಬಗ್ಗೆ ಬರೆದದ್ದನ್ನು ಓದಿ ಸುಮ್ಮನಿರಲಾಗಲಿಲ್ಲ.

ನಮ್ಮಲ್ಲಿ ಸತು ಮತ್ತು ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಯನ್ನು ಮೈಲುತುತ್ತದ ನೀರಿನಿಂದ ತಾತ್ಕಾಲಿಕವಾಗಿ ಕಪ್ಪಾಗಿಸಿ, ಅದರ ಮೇಲೆ ಮೊನೆಯಿಂದ ಗೀಚಿ ನಕ್ಷೆ ಹಾಕಿಕೊಳ್ಳುತ್ತೇವೆ. ಬಳಿಕ ಉಳಿ ಹಿಡಿದು ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋಗುತ್ತೇವೆ. ದೂರದಿಂದ ನೋಡಿದವರಿಗೆ ಒಂದೇ ಗೆರೆಯಾಗಿ ಕಾಣುವುದು ನಿಜದಲ್ಲಿ ನೂರಾರು ಏಟುಗಳ ಸಾಲು. ಭೂತಗನ್ನಡಿಯಲ್ಲಿ ಪ್ರತಿ ಏಟೂ ಒಂದೊಂದು ಮೆಟ್ಟಿಲಿನಂತೆ ಕಾಣುತ್ತದೆ. ಮೆಟ್ಟಿಲುಗಳ ಅಂತರ ನೋಡಿಯೇ ನಮ್ಮ ತಂದೆ ಇದು ಯಾರ ಕೆಲಸವೆಂದು ಹೇಳಿಬಿಡುತ್ತಿದ್ದರು. ಬೆಳ್ಳಿ ಕೂರಿಸುವಾಗ ಗುಂಡಿಯ ಬಾಯಿಗಿಂತ ತಳವನ್ನು ತುಸು ಅಗಲವಾಗಿ ಕೊರೆಯುತ್ತೇವೆ. ತಟ್ಟಿದ ಬೆಳ್ಳಿ ಒಳಗೆ ಹರಡಿ ಬಿಗಿಯಾಗಿ ಕೂರುತ್ತದೆ, ಅಂಟು ಬೇಕಿಲ್ಲ. ಅಲ್ಲಿಯ ಚಿನ್ನದ ಕೆಲಸವೂ ಹೀಗೆಯೇ ಇರಬಹುದೇ?

ನನ್ನದೊಂದು ಪ್ರಶ್ನೆ. ನಮ್ಮ ಲೋಹ ಮೆತು. ರಿವಾಲ್ವರಿನ ಉಕ್ಕು ಕಬ್ಬಿಣಗಳು ಗಟ್ಟಿ. ಅಷ್ಟು ಗಟ್ಟಿ ಮೈಯಲ್ಲಿ ಉಳಿ ಹೇಗೆ ಹಾಯುತ್ತದೆ?

ಹಳೆಯ ಸಂಗ್ರಾಹಕ, ಮ್ಯಾಸಚೂಸೆಟ್ಸ್

ಬಹಳ ಒಳ್ಳೆಯ ಪ್ರಶ್ನೆ ಕೇಳಿದಿರಿ ಸರ್, ನಿಮ್ಮ ತಂದೆಯವರ ಮಾತನ್ನು ಇಲ್ಲಿ ಬರೆದದ್ದಕ್ಕೆ ವಂದನೆಗಳು. ಕೆತ್ತುವಾಗ ಅದು ಗಟ್ಟಿಯಾಗಿರುವುದಿಲ್ಲ. ಎಲ್ಲ ಕೆತ್ತನೆಯೂ ಹದ ಕೊಡುವುದಕ್ಕೆ ಮೊದಲು, ಬಿಡಿಭಾಗಗಳು ಇನ್ನೂ ಮೆತುವಾಗಿರುವಾಗ ಆಗಿಹೋಗುತ್ತದೆ. ಉದಾಹರಣೆಗೆ 1873ರಲ್ಲಿ ಬಂದ ಕೋಲ್ಟ್ ಸಿಂಗಲ್ ಆಕ್ಷನ್ ಆರ್ಮಿ ಎಂಬ ರಿವಾಲ್ವರಿನ ಫ್ರೇಮನ್ನು ಕೆತ್ತಿದ ನಂತರ ಮೂಳೆ ಮತ್ತು ಕಟ್ಟಿಗೆಯ ಇದ್ದಿಲಿನಲ್ಲಿ ಹೂತು, ಕೆಂಪಗೆ ಕಾಯಿಸಿ, ತಣ್ಣೀರಿಗೆ ಹಾಕುತ್ತಿದ್ದರು. ಆಗ ಮೇಲಿನ ತೆಳುಪದರ ಮಾತ್ರ ಗಟ್ಟಿಯಾಗಿ, ನೀಲಿ, ಕಂದು, ಬೂದು ಬಣ್ಣಗಳು ಮೋಡದ ಹಾಗೆ ಮೂಡುತ್ತವೆ. ನಿಮ್ಮಲ್ಲಿ ಬಿದ್ರಿ ಪಾತ್ರೆಗೆ ಕೊನೆಯಲ್ಲಿ ಕಪ್ಪು ಬಣ್ಣ ತರುವ ಬೀದರ್ ಕೋಟೆಯ ಮಣ್ಣು ಮಾಡುವ ಕೆಲಸವನ್ನು ಇಲ್ಲಿ ಇದ್ದಿಲು ಮಾಡುತ್ತದೆ ಎನ್ನಬಹುದು. ಗಟ್ಟಿಯಾದ ಪದರದ ಮೇಲೆ ಆಮೇಲೆ ಕೆತ್ತಹೊರಟರೆ ಉಳಿಯ ಮೊನೆ ಮುರಿಯುತ್ತದೆ, ಇಲ್ಲವೇ ಕಾಯಿಸಿ ಹದ ಇಳಿಸಬೇಕಾಗುತ್ತದೆ, ಆಗ ಆ ಬಣ್ಣಗಳು ಹೋಗುತ್ತವೆ.

ಹೀಗಾಗಿ ಹಳೆಯ ಕೋಲ್ಟ್ ದಾಖಲೆಗಳಲ್ಲಿ ಕೆಲವು ರಿವಾಲ್ವರುಗಳ ಮುಂದೆ "ಮೆತು" ಎಂಬರ್ಥದ ಶಬ್ದ ಕಾಣಿಸುತ್ತದೆ. ಹದವನ್ನಾಗಲಿ ಲೇಪವನ್ನಾಗಲಿ ಕೊಡದೆ ಕಳುಹಿಸಿದ್ದೇವೆ, ವ್ಯಾಪಾರಿಯೇ ಹೊರಗೆ ಕೆತ್ತಿಸಿಕೊಳ್ಳುತ್ತಾನೆ ಎಂಬುದು ಅದರ ಅರ್ಥ. ಥಿಯೊಡೋರ್ ರೂಸ್‌ವೆಲ್ಟ್ ಅವರ ಹೆಸರಾಂತ ಕೋಲ್ಟ್ 1883ರಲ್ಲಿ ಹೀಗೆಯೇ ನ್ಯೂಯಾರ್ಕಿನ ಹಾರ್ಟ್ಲಿ ಅಂಡ್ ಗ್ರಹಾಂ ಅಂಗಡಿಗೆ ಹೋಗಿತ್ತು, ಅಲ್ಲಿ ಅದನ್ನು ಕೆತ್ತಿದವರು ಲೂಯಿಸ್ ಡೇನಿಯಲ್ ನಿಮ್ಷ್ಕೆ. ಜರ್ಮನಿಯಲ್ಲಿ 1832ರಲ್ಲಿ ಹುಟ್ಟಿ 1904ರಲ್ಲಿ ತೀರಿಕೊಂಡ ಈ ನಿಮ್ಷ್ಕೆ ಯಾವ ಕಾರ್ಖಾನೆಯ ನೌಕರರೂ ಆಗಿರಲಿಲ್ಲ. ತಾವು ಕೆತ್ತಿದ ಮೈಗೆ ಮಸಿ ಸವರಿ, ಒರೆಸಿ, ಗೆರೆಗಳೊಳಗೆ ಉಳಿದ ಮಸಿಯನ್ನು ತೆಳುಕಾಗದದ ಮೇಲೆ ಒತ್ತಿ ತೆಗೆದು ಪುಸ್ತಕದಲ್ಲಿ ಅಂಟಿಸಿಡುತ್ತಿದ್ದರು. ಆ ಪುಸ್ತಕ ಉಳಿದುಬಂದಿದೆ. ಬೇರೆ ಎಷ್ಟೋ ಕೆತ್ತನೆಗಾರರ ಹೆಸರೂ ಉಳಿಯದ ಕಾಲದಲ್ಲಿ ನಿಮ್ಷ್ಕೆಯವರ ಗೆರೆಗಳನ್ನು ಇಂದಿಗೂ ಹೋಲಿಸಿ ನೋಡಬಹುದಾಗಿದೆ.

ಚಿನ್ನದ ಬಗ್ಗೆ ನಿಮ್ಮ ಊಹೆ ಸರಿ. ಅಂಚಿನ ಒಳಗೆ ಕೊರೆದು, ಚಿನ್ನ ತಟ್ಟಿ ಕೂರಿಸುತ್ತಾರೆ. ಕ್ರಿಮಿಯಾ ಯುದ್ಧದ ಕಾಲದಲ್ಲಿ ಸ್ಯಾಮ್ಯುಯೆಲ್ ಕೋಲ್ಟ್ ರಷ್ಯದ ಚಕ್ರವರ್ತಿ ಒಂದನೆಯ ನಿಕೊಲಸ್ ಅವರಿಗೂ ತುರ್ಕಿಯ ಸುಲ್ತಾನ್ ಅಬ್ದುಲ್ ಮಜೀದ್ ಅವರಿಗೂ ಚಿನ್ನ ಕೂರಿಸಿದ ರಿವಾಲ್ವರುಗಳನ್ನು ಕಾಣಿಕೆ ಕೊಟ್ಟಿದ್ದರು. ಅದೇ ಬಗೆಯ, ಡ್ರಗೂನ್ ಎಂಬ ಮಾದರಿಯ ಕೋಲ್ಟ್ ರಿವಾಲ್ವರ್ ಒಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿದೆ. ಯಾರಾದರೂ ಅಲ್ಲಿಗೆ ಹೋದರೆ ಅವಸರ ಮಾಡದೆ ಅದರ ಮುಂದೆ ನಿಲ್ಲಿ.

ಚಿತ್ರಕಲಾ ವಿದ್ಯಾರ್ಥಿನಿ, ಮೈಸೂರು

ನಮಸ್ಕಾರ ಸರ್. ಒಂದು ಸಣ್ಣ ಸಂದೇಹ. 1851ರ ಕೋಲ್ಟ್ ನೇವಿ ರಿವಾಲ್ವರುಗಳ ಫೋಟೊಗಳಲ್ಲಿ ಗುಂಡಿನ ಸಿಲಿಂಡರಿನ ಸುತ್ತ ಹಡಗುಗಳ ಯುದ್ಧದ ಚಿತ್ರ ಕಾಣಿಸುತ್ತದೆ. ಎಲ್ಲದರಲ್ಲೂ ಒಂದೇ ಚಿತ್ರ. ಇವೆಲ್ಲವೂ ಕೈಯಿಂದ ಕೆತ್ತಿದವೇ?

ಟೆಕ್ಸಸ್ ಎಂಜಿನಿಯರ್

ಇದಕ್ಕೆ ನಾನು ಉತ್ತರಿಸುತ್ತೇನೆ, ನಮ್ಮ ರಾಜ್ಯದ ಕತೆಯಾದ್ದರಿಂದ. ಅದು 1843ರ ಮೇ 16ರಂದು ಕಾಂಪೆಚೆ ಬಳಿ ಟೆಕ್ಸಸ್ ನೌಕಾಪಡೆಗೂ ಮೆಕ್ಸಿಕೊ ನೌಕಾಪಡೆಗೂ ನಡೆದ ಕಾಳಗದ ದೃಶ್ಯ, ತಾರೀಖು ಕೂಡ ಸಿಲಿಂಡರಿನ ಮೇಲೆಯೇ ಇದೆ. ಬ್ಯಾಂಕ್ ನೋಟುಗಳ ಅಚ್ಚುಗಳನ್ನು ಕೆತ್ತುತ್ತಿದ್ದ ವಾಟರ್‌ಮನ್ ಆರ್ಮ್ಸ್‌ಬಿ ಈ ಚಿತ್ರವನ್ನು ಕೆತ್ತಿದರು. ಅವರ ಗೆರೆಗಳನ್ನು ಗಟ್ಟಿ ಉಕ್ಕಿನ ಅಚ್ಚಿಗೆ ಇಳಿಸಿ, ಆ ಅಚ್ಚನ್ನು ಸಿಲಿಂಡರಿಗೆ ಬಲವಾಗಿ ಒತ್ತಿ ಉರುಳಿಸಿದರೆ ಚಿತ್ರ ಮೂಡುತ್ತಿತ್ತು. ಹಾರ್ಟ್‌ಫರ್ಡಿನಲ್ಲಿಯೇ ಸುಮಾರು 2,15,000 ನೇವಿಗಳು ತಯಾರಾದವು. ಸಾದಾ ರಿವಾಲ್ವರಿನಲ್ಲೂ ಈ ಚಿತ್ರ ಇರುತ್ತದೆ, ಆದ್ದರಿಂದ ಇದನ್ನು ಕೈಕೆತ್ತನೆಯ ಲೆಕ್ಕಕ್ಕೆ ಸೇರಿಸುವುದಿಲ್ಲ.

ಈಗ ಮೂಲ ವಿಷಯಕ್ಕೆ ಬರುತ್ತೇನೆ. ಹಿರಿಯರ ಮೇಲೆ ಗೌರವವಿಟ್ಟುಕೊಂಡೇ ಒಂದು ಭಿನ್ನಾಭಿಪ್ರಾಯ ಹೇಳಬೇಕಾಗಿದೆ. "ಇದು ಇಂಥವರ ಕೈ" ಎಂಬ ಮಾತನ್ನು ನಂಬಿ ನಾನು ಕೈ ಸುಟ್ಟುಕೊಂಡಿದ್ದೇನೆ. ಆರು ವರ್ಷಗಳ ಹಿಂದೆ ಒಂದು ಮೇಳದಲ್ಲಿ, ಕೆತ್ತನೆಯ ಸಿಂಗಲ್ ಆಕ್ಷನ್ ಆರ್ಮಿ ಒಂದನ್ನು ಕೂನೊ ಹೆಲ್‌ಫ್ರಿಕ್ಟ್ ಅವರ ಕೆಲಸವೆಂದು ಹೇಳಿದ್ದನ್ನು ಕೇಳಿ ದೊಡ್ಡ ಮೊತ್ತ ಕೊಟ್ಟು ತಂದೆ. ಹೆಲ್‌ಫ್ರಿಕ್ಟ್ 1871ರಿಂದ 1921ರವರೆಗೆ, ಐವತ್ತು ವರ್ಷ, ಕೋಲ್ಟ್ ಕೆತ್ತನೆ ವಿಭಾಗವನ್ನು ನಡೆಸಿದವರು. ಹೀಗಾಗಿ ಮಾರಿದವರ ಮಾತು ನಂಬುವಂತೆಯೇ ಇತ್ತು. ಕಂಪನಿಯ ದಾಖಲೆಗಳಿಂದ ಪ್ರಮಾಣಪತ್ರ ತರಿಸಿದಾಗ "ನೀಲಿ, ರಬ್ಬರ್ ಹಿಡಿ" ಎಂದಷ್ಟೇ ಇತ್ತು. ಕೆತ್ತನೆಯ ಸುಳಿವೇ ಇಲ್ಲ. ಮತ್ತೆ ನೋಡಿದರೆ, ಫ್ರೇಮಿನ ಎಡಬದಿಯಲ್ಲಿ ಪೇಟೆಂಟ್ ತಾರೀಖುಗಳನ್ನು ಒತ್ತಿದ ಜಾಗದಲ್ಲಿ ಬಳ್ಳಿಯ ಗೆರೆ ಒಂದು ಅಂಕಿಯನ್ನು ಸೀಳಿಕೊಂಡು ಹೋಗಿತ್ತು! ಸುತ್ತಲಿನ ಲೋಹ ಸವೆದು ಮಂಕಾಗಿದ್ದರೆ ಗೆರೆಯ ಅಂಚು ಮಾತ್ರ ಬೆರಳಿಗೆ ಚುಚ್ಚುತ್ತಿತ್ತು. ಅಂದಿನಿಂದ ಪತ್ರವಿಲ್ಲದೆ ಏನನ್ನೂ ಕೊಳ್ಳುವುದಿಲ್ಲ. ಪತ್ರ ಇರುವ ವಸ್ತುವನ್ನು, ಮೂಲದ ನಕ್ಷೆಗೆ ನಿಷ್ಠರಾಗಿದ್ದು ನುರಿತವರಿಂದ ಸರಿಪಡಿಸಿಕೊಂಡರೆ ತಪ್ಪೇನು? ಹಳೆಯ ದೇವಸ್ಥಾನಗಳನ್ನು ನಾವು ಜೀರ್ಣೋದ್ಧಾರ ಮಾಡುವುದಿಲ್ಲವೇ?

ಹಳೆಯ ಸಂಗ್ರಾಹಕ, ಮ್ಯಾಸಚೂಸೆಟ್ಸ್

ನಿಮಗಾದ ನಷ್ಟಕ್ಕೆ ವಿಷಾದವಿದೆ. ಆದರೆ ಗಮನಿಸಿ, ನಿಮಗೆ ಸತ್ಯವನ್ನು ಮೊದಲು ಹೇಳಿದ್ದು ಪತ್ರವಾದರೂ ಅದನ್ನು ಖಚಿತಪಡಿಸಿದ್ದು ಆ ಸೀಳಿದ ಅಂಕಿ. ಕಾರ್ಖಾನೆಯ ಕೆತ್ತನೆಗಾರರು ಒತ್ತಿದ ಅಕ್ಷರಗಳಿಗೆ ಜಾಗ ಬಿಟ್ಟುಕೊಂಡು, ಬಳ್ಳಿಯನ್ನು ಅವುಗಳ ಸುತ್ತ ಬಾಗಿಸುತ್ತಿದ್ದರು.

ಪತ್ರವನ್ನೇ ನೆಚ್ಚಿದರೆ ಅತ್ಯುತ್ತಮ ಕೆಲಸವೇ ಕೈತಪ್ಪುತ್ತದೆ. 1864ರ ಫೆಬ್ರವರಿಯಲ್ಲಿ ಕೋಲ್ಟ್ ಕಾರ್ಖಾನೆಗೆ ಬೆಂಕಿ ಬಿದ್ದು ಆವರೆಗಿನ ದಾಖಲೆಗಳು ಬಹುಪಾಲು ಸುಟ್ಟುಹೋದವು. ಯಂಗ್ ಅವರು ಹಾರ್ಟ್‌ಫರ್ಡಿನಲ್ಲಿ ಮಾಡಿದ ಹೆಚ್ಚಿನ ಕೆಲಸಕ್ಕೆ ಪತ್ರ ಎಲ್ಲಿಂದ ತರುವುದು? ಅಂಥ ಕೋಲ್ಟ್‌ಗಳಲ್ಲಿ ಕ್ರಮಾಂಕದ ಹತ್ತಿರ ಸಣ್ಣ ಚುಕ್ಕೆಯನ್ನೋ, ಕೆತ್ತನೆ, ದಂತ, ಲೇಪಗಳನ್ನು ಸೂಚಿಸುವ ಒಂಟಿ ಅಕ್ಷರಗಳನ್ನೋ ಹುಡುಕುತ್ತೇವೆ; ಹ್ಯಾಮರಿನ (ತೋಟಾ ಸಿಡಿಸಲು ಬಡಿಯುವ ಸುತ್ತಿಗೆಯ) ಎರಡು ಪಕ್ಕಗಳಲ್ಲಿ ಯಂಗ್ ಕೆತ್ತುತ್ತಿದ್ದ ತೋಳದ ತಲೆಯನ್ನು ನೋಡುತ್ತೇವೆ. ಆ ತೋಳದ ಕಿವಿಯಿಂದ ಕೊರಳಿಗೆ ಇಳಿಯುವ ಕೂದಲ ಗೆರೆಗಳನ್ನು ಒಮ್ಮೆ ನೋಡಿದವರು ಮರೆಯಲಾರರು. ಹೆಲ್‌ಫ್ರಿಕ್ಟ್ ಅವರ ಬಳ್ಳಿ ಬೇರೆ. ಸುರುಳಿಗಳು ದೊಡ್ಡವು, ಸಡಿಲವಾದವು, ನಡುವೆ ಬಯಲು ಹೆಚ್ಚು.

ಜೀರ್ಣೋದ್ಧಾರದ ಹೋಲಿಕೆಯನ್ನು ನಾನು ಒಪ್ಪುವುದಿಲ್ಲ. ಗೋಡೆ ಬಿದ್ದರೆ ಕಟ್ಟುತ್ತೇವೆ, ಸರಿ. ಬೇಲೂರಿನ ಮದನಿಕೆಯ ಬೆರಳು ಸವೆದಿದೆಯೆಂದು ಯಾರಾದರೂ ಅದರ ಮೇಲೆ ಹೊಸದಾಗಿ ಉಳಿ ಇಟ್ಟರೆ ನೀವು ಸುಮ್ಮನಿರುವಿರಾ?

ಹೊಸದಾಗಿ ಕೊಳ್ಳುವವರಿಗೆ ಇನ್ನೊಂದು ಮಾತು. ಇಪ್ಪತ್ತನೆಯ ಶತಮಾನದಲ್ಲಿ ಕೆತ್ತನೆಗೆ ದರ್ಜೆಗಳು ಬಂದವು. ಕೋಲ್ಟ್ ಪದ್ಧತಿಯಲ್ಲಿ ಎ ಎಂದರೆ ಮೈಯ ಕಾಲುಭಾಗ, ಡಿ ಎಂದರೆ ಪೂರ್ತಿ. ಸ್ಮಿತ್ ಅಂಡ್ ವೆಸನ್ ಪದ್ಧತಿ ಇದಕ್ಕೆ ತಿರುಗುಮುರುಗು: ಎ ಎಂದರೆ ಪೂರ್ತಿ, ಸಿ ಎಂದರೆ ಮೂರನೆಯ ಒಂದು ಭಾಗ. ಇದನ್ನು ತಿಳಿಯದೆ ಹಣ ಕೊಟ್ಟವರಿದ್ದಾರೆ.

ವಕೀಲರು, ಬೆಂಗಳೂರು

ಇದನ್ನು ಓದಿ ಊರಿಗೆ ಒಂದನ್ನು ತರಿಸಿಕೊಳ್ಳುವ ಆಸೆ ಯಾರಿಗಾದರೂ ಬಂದೀತೆಂದು ನಾಲ್ಕು ಮಾತು ಬರೆಯುತ್ತಿದ್ದೇನೆ. ಅಮೆರಿಕದ ಕೇಂದ್ರ ಕಾನೂನಿನಲ್ಲಿ 1898 ಅಥವಾ ಅದಕ್ಕೂ ಹಿಂದೆ ತಯಾರಾದದ್ದು ಪುರಾತನ ವಸ್ತು ಎನಿಸಿಕೊಳ್ಳುತ್ತದೆ. ನಮ್ಮಲ್ಲಿ ಹಾಗಲ್ಲ. 1959ರ ಆಯುಧ ಕಾಯಿದೆಯ 45ನೆಯ ಕಲಮಿನ ವಿನಾಯಿತಿ ಸಿಗಬೇಕಾದರೆ ಆಯುಧ ಹಳೆಯದಾಗಿದ್ದರಷ್ಟೇ ಸಾಲದು, ರಿಪೇರಿ ಮಾಡಿದರೂ ಗುಂಡು ಹಾರಿಸಲಾಗದ ಸ್ಥಿತಿಯಲ್ಲಿರಬೇಕು. 2019ರ ತಿದ್ದುಪಡಿಯ ನಂತರ ಸಾಮಾನ್ಯ ಪರವಾನಗಿದಾರರು ಎರಡಕ್ಕಿಂತ ಹೆಚ್ಚು ಬಂದೂಕುಗಳನ್ನು ಇಟ್ಟುಕೊಳ್ಳುವಂತಿಲ್ಲ. ಅಜ್ಜನ ಕಾಲದ ಪೆಟ್ಟಿಗೆಯಲ್ಲಿ ಕೆತ್ತನೆಯ ರಿವಾಲ್ವರ್ ಸಿಕ್ಕಿದರೆ ಮೊದಲು ಪರವಾನಗಿಯ ಕಾಗದ ಹುಡುಕಿ, ಆಮೇಲೆ ಭೂತಗನ್ನಡಿ. ಹಿಡಿ ಆನೆದಂತದ್ದಾಗಿದ್ದರೆ ತೊಡಕು ಇನ್ನೂ ಹೆಚ್ಚು. ಭಾರತದಲ್ಲಿ ದಂತದ ವ್ಯಾಪಾರಕ್ಕೆ ಅವಕಾಶವಿಲ್ಲ. ಅಮೆರಿಕದಲ್ಲಿಯೂ 2016ರ ನಿಯಮ ಬಂದ ಮೇಲೆ ಮಾರಾಟ ಬಿಗಿಯಾಗಿದೆ. ನ್ಯೂಯಾರ್ಕ್ ಮತ್ತು ಕ್ಯಾಲಿಫೋರ್ನಿಯಾದ ಕಾನೂನುಗಳು ಅದಕ್ಕಿಂತಲೂ ಕಠಿಣ.

ಕನೆಕ್ಟಿಕಟ್ ನಿವಾಸಿ

ಎಲ್ಲರಿಗೂ ಕೃತಜ್ಞತೆಗಳು. ಎರಡು ವಾರ ತಡವಾಗಿ ಬರೆಯುತ್ತಿದ್ದೇನೆ, ಆದರೆ ಈ ಎರಡು ವಾರ ಪ್ರತಿ ರಾತ್ರಿಯೂ ಮಕ್ಕಳು ಮಲಗಿದ ಮೇಲೆ ಓರೆ ದೀಪದ ಕೆಳಗೆ ನೋಡಿದ್ದೇನೆ.

ಕುದುರೆಯ ಕಾವಲು ನೀಲಿಯಾಗಿಯೇ ಇದೆ, ಹಿಡಿಯ ಬುಡದಲ್ಲಿ ನಕ್ಷತ್ರವಿಲ್ಲ. ಬಳ್ಳಿಗಳ ನಡುವೆ ಚುಕ್ಕೆಗಳಿವೆ. ಬೀದರಿನವರು ಹೇಳಿದ ಮೆಟ್ಟಿಲುಗಳೂ ಕಾಣುತ್ತವೆ. ಸುರುಳಿ ಬಿಗಿಯಾದಂತೆ ಮೆಟ್ಟಿಲುಗಳು ಒತ್ತೊತ್ತಾಗುತ್ತ ಹೋಗಿ, ಹೊರಗಿನ ದೊಡ್ಡ ಬಾಗಿನಲ್ಲಿ ಮತ್ತೆ ದೂರವಾಗುತ್ತವೆ. ಎಡಬದಿಯಲ್ಲಿ, ಸಿಲಿಂಡರಿನ ಹಿಂದೆ, ಮೂರನೆಯ ಸುರುಳಿಯ ಹತ್ತಿರ ಒಂದು ಗೆರೆ ಬಳ್ಳಿಯಿಂದ ಹೊರಗೆ ಜಾರಿದೆ, ಒಂದು ಅಕ್ಕಿಕಾಳಿನ ಅರ್ಧದಷ್ಟು. ಕೆತ್ತಿದವರು ಅದನ್ನು ಹಾಗೆಯೇ ಬಿಟ್ಟಿಲ್ಲ. ಜಾರಿದ ಗೆರೆಯ ಪಕ್ಕದಲ್ಲಿ ಇನ್ನೊಂದು ಬಾಗುಗೆರೆ ಎಳೆದು, ತುದಿ ಕೂಡಿಸಿ, ನಡುವೆ ಎರಡು ನೆರಳುಗೆರೆ ಹಾಕಿ ಪುಟ್ಟ ಎಲೆ ಮಾಡಿದ್ದಾರೆ. ಬಲಬದಿಯಲ್ಲಿ ಅದೇ ಜಾಗದಲ್ಲಿ ಆ ಎಲೆ ಇಲ್ಲ. ಬರಿಗಣ್ಣಿಗೆ ಇದು ತಿಳಿಯುವುದೇ ಇಲ್ಲ. ಮತ್ತೆ ಕೊರೆಯುವವರು ಎರಡು ಬದಿಯನ್ನೂ ಒಂದೇ ಸಮ ಮಾಡುವ ಭರದಲ್ಲಿ ಇದನ್ನೇ ಮೊದಲು ತಿದ್ದುತ್ತಿದ್ದರೇನೋ.

ಮಸಿ ಹಚ್ಚಲು, ಅಂಟುಪಟ್ಟಿ ಒತ್ತಲು ಧೈರ್ಯವಾಗಲಿಲ್ಲ, ಉಳಿದಿರುವ ನಿಕ್ಕಲ್ ಎದ್ದುಬಂದರೆ ಎಂಬ ಭಯ. ಚಿಕ್ಕಂದಿನಲ್ಲಿ ನಾಣ್ಯದ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜುತ್ತಿದ್ದ ಹಾಗೆ, ತೆಳುಕಾಗದ ಹಾಸಿ ಮೆತ್ತನೆಯ ಪೆನ್ಸಿಲಿನಿಂದ ಮೆಲ್ಲಗೆ ಉಜ್ಜಿದೆ. ಎಡಬದಿ ಪೂರ್ತಿ ಮೂಡಿತು, ಬೂದು ನೆಲದಲ್ಲಿ ಬಿಳಿ ಬಳ್ಳಿ. ಬಲಬದಿಯಲ್ಲಿ ಏನೂ ಬರಲಾರದು ಎಂದುಕೊಂಡಿದ್ದೆ. ಬೆರಳಿಗೆ ಹತ್ತದ ಗೆರೆಗಳಲ್ಲಿ ಐದಾರು ಕಾಗದದ ಮೇಲೆ ಬಂದವು.

ಕುಶಲಕರ್ಮಿಗೆ ಫೋನು ಮಾಡಿ ಬೇಡವೆಂದು ಹೇಳಿದ್ದೇನೆ. ಹಿರಿಯರಲ್ಲಿ ಒಂದು ವಿನಂತಿ: ಸ್ಪ್ರಿಂಗ್‌ಫೀಲ್ಡ್ ಇತಿಹಾಸ ಸಂಗ್ರಹಾಲಯದಲ್ಲಿ ಸ್ಮಿತ್ ಅಂಡ್ ವೆಸನ್ ಸಂಗ್ರಹ ಇದೆಯಲ್ಲ, ಮುಂದಿನ ಭಾನುವಾರ ತಾವು ಬಿಡುವಾಗಿದ್ದರೆ ಅಲ್ಲಿಗೆ ಬರುತ್ತೇನೆ. ರಿವಾಲ್ವರ್ ತರುವುದಿಲ್ಲ, ಈ ಎರಡು ಕಾಗದಗಳನ್ನು ತರುತ್ತೇನೆ. ಗಾಜಿನ ಈಚೆಗೆ ಹಿಡಿದು ಯಂಗ್ ಅವರ ಕೆಲಸದೊಂದಿಗೆ ಒಟ್ಟಿಗೆ ನೋಡೋಣ.